ಆಣಿಕಲ್ಲಿನ ಮೋಡವನ್ನು ಯಾವುದರಲ್ಲಿ ನೋಡಬೇಕು: ಬೀದರ್‌ನ ಮೂರು ಬೇಸಿಗೆಗಳ ಹೋಲಿಕೆ

ಬೀದರ್ ಜಿಲ್ಲೆಯಲ್ಲಿ ಫೆಬ್ರುವರಿ ಕೊನೆಯಿಂದ ಮೇ ತಿಂಗಳವರೆಗೆ ಸಂಜೆ ಹೊತ್ತು ಪಡುವಣದಲ್ಲಿ ಏಳುವ ಕಪ್ಪು ಮೋಡವು ಬರಿಯ ಗಾಳಿ, ಗುಡುಗು ತೋರಿಸಿ ಹೋಗುತ್ತದೆಯೋ ಅಥವಾ ಆಣಿಕಲ್ಲು ಸುರಿಸಿ ಹೋಗುತ್ತದೆಯೋ ಎಂಬುದನ್ನು ಒಂದು ಗಂಟೆ ಮೊದಲೇ ಹೇಳಲು ಸಾಧ್ಯವೇ ಎಂಬ ಪ್ರಶ್ನೆಯ ಬೆನ್ನು ಹತ್ತಿ ನಾನು ಮೂರು ಬೇಸಿಗೆ ಕಳೆದಿದ್ದೇನೆ. ನಾನು ಹವಾಮಾನ ವಿಜ್ಞಾನಿಯಲ್ಲ. ಭಾಲ್ಕಿಯ ಹತ್ತಿರ ನಮ್ಮ ಅಣ್ಣನ ಹೊಲವಿದೆ. ಹದಿನೈದು ಮಾವಿನ ಮರಗಳಿವೆ. ಮಾರ್ಚ್ ತಿಂಗಳಲ್ಲಿ ಕುಸುಬೆ, ಜೋಳದ ರಾಶಿ ಕಣದಲ್ಲಿರುತ್ತದೆ. 2014ರ ಫೆಬ್ರುವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಮೇಲೆ ದಿನ ಬಿಟ್ಟು ದಿನ ಎಂಬಂತೆ ಸುರಿದ ಆಣಿಕಲ್ಲನ್ನು ಕಂಡವರಿಗೆ ಈ ಆಸಕ್ತಿ ಏಕೆ ಹುಟ್ಟಿತು ಎಂದು ವಿವರಿಸುವ ಅಗತ್ಯವಿಲ್ಲ. ಅಂದಿನಿಂದ ಮೋಡ ಕಟ್ಟಿದರೆ ಸಾಕು, ಅಣ್ಣನ ಫೋನು ಬರುತ್ತದೆ: "ತಮ್ಮಾ, ತಾಡಪತ್ರಿ ಹೊದಿಸ್ಲಿ ಏನು?" ಈ ಒಂದು ಪ್ರಶ್ನೆಗೆ ಯಾವ ಸಾಧನ ಸಕಾಲದಲ್ಲಿ ಉತ್ತರ ಕೊಡುತ್ತದೆ ಎಂಬುದೇ ಇಲ್ಲಿಯ ಹೋಲಿಕೆಯ ಅಳತೆಗೋಲು.

ಮೊದಲಿಗೆ ಎಲ್ಲರೂ ತೆರೆದು ನೋಡುವ ವಿಂಡಿಯಂತಹ ತಾಣಗಳ ಮಾದರಿ ನಕ್ಷೆಗಳ, ಅಂದರೆ ನೆಲವನ್ನು ಚೌಕಗಳಾಗಿ ಹಂಚಿಕೊಂಡು ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಮುನ್ಸೂಚನೆಯ, ವಿಚಾರವನ್ನು ಬೇಗ ಮುಗಿಸುತ್ತೇನೆ. ಅದರಲ್ಲಿ ಸಿಗುವ ಯುರೋಪಿನ ಮಾದರಿಯ ಚೌಕಗಳು ಸುಮಾರು 9 ಕಿಲೋಮೀಟರಿನವು. ಅಮೆರಿಕದ ಜಿಎಫ್ಎಸ್ ಮಾದರಿಯ ಚೌಕಗಳು ಅದರ ಎರಡರಷ್ಟಕ್ಕೂ ದೊಡ್ಡವು. ಆಣಿಕಲ್ಲು ಬೀಳುವ ಪಟ್ಟಿಯ ಅಗಲ ಅನೇಕ ಸಲ ಒಂದೆರಡು ಕಿಲೋಮೀಟರ್ ಮಾತ್ರ, ಆದ್ದರಿಂದ ಅದು ಈ ಜಾಲರಿಯಲ್ಲಿ ಸಿಕ್ಕಿಕೊಳ್ಳುವುದೇ ಇಲ್ಲ. ನಾಳೆ ಸಂಜೆ ಗುಡುಗಿನ ಮೋಡ ಏಳುವಷ್ಟು ತೇವ ಮತ್ತು ಅಸ್ಥಿರತೆ ಇದೆಯೇ ಎಂದು ತಿಳಿಯಲು ಮಾದರಿ ಸಾಕು. ಭಾಲ್ಕಿಯಲ್ಲಿ ಐದು ಗಂಟೆಗೆ ಮಳೆ ಎಂದು ಅದು ಬರೆದರೆ ಅದನ್ನು ಪಂಚಾಂಗದ ಮಳೆಯಂತೆಯೇ ಗೌರವದಿಂದ ಓದಿ ಪಕ್ಕಕ್ಕಿಡುವುದು ಒಳ್ಳೆಯದು.

ಮಾದರಿಗಿಂತ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಹೈದರಾಬಾದಿನಿಂದ ಹಾರಿಬಿಡುವ ಬಲೂನಿನ ಅಳತೆ. ಭಾರತೀಯ ಹವಾಮಾನ ಇಲಾಖೆಯ ಬೆಳಗಿನ ಬಲೂನಿನ ಅಳತೆಗೆ ಯುಟಿಸಿ 00 ಗಂಟೆ, ಅಂದರೆ ನಮ್ಮ ಬೆಳಗಿನ ಐದೂವರೆ, ಎಂಬ ಗುರುತಿರುತ್ತದೆ. ಅದರ ಉಷ್ಣಾಂಶ, ತೇವ ಮತ್ತು ಗಾಳಿಯ ರೇಖೆಗಳು ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ ತಾಣದಲ್ಲಿ ಯಾರಿಗೆ ಬೇಕಾದರೂ ದೊರೆಯುತ್ತವೆ. ಅದರಲ್ಲಿ ನಾನು ಎರಡನ್ನೇ ನೋಡುತ್ತೇನೆ. ಒಂದು, ಉಷ್ಣಾಂಶ ಸೊನ್ನೆ ಡಿಗ್ರಿಗೆ ಇಳಿಯುವ ಎತ್ತರ. ಇನ್ನೊಂದು, ಕೆಳಗಿನ ಗಾಳಿಗೂ ಐದಾರು ಕಿಲೋಮೀಟರ್ ಮೇಲಿನ ಗಾಳಿಗೂ ಇರುವ ವ್ಯತ್ಯಾಸ. ಕೆಳಗೆ ಬಂಗಾಳ ಕೊಲ್ಲಿಯ ಕಡೆಯಿಂದ ತೇವದ ಗಾಳಿ ಬೀಸುತ್ತಿದ್ದು, ಮೇಲೆ ಪಡುವಣದ ಗಾಳಿ ಜೋರಾಗಿದ್ದರೆ ಮೋಡ ಓರೆಯಾಗಿ ನಿಲ್ಲುತ್ತದೆ. ಆಗ ಮೇಲಕ್ಕೇರುವ ಗಾಳಿಯ ಮೇಲೆಯೇ ಮಳೆ ಸುರಿದು ಅದನ್ನು ಅಡಗಿಸುವುದಿಲ್ಲ, ಮೋಡ ಹೆಚ್ಚು ಹೊತ್ತು ಬದುಕುತ್ತದೆ, ಆಣಿಕಲ್ಲು ಬೆಳೆಯಲು ಸಮಯ ಸಿಗುತ್ತದೆ. ಇದು ಸಂಜೆಯ ಮೋಡವನ್ನು ತೋರಿಸುವ ಸಾಧನವಲ್ಲ. ಆ ದಿನ ಫೋನನ್ನು ಎಷ್ಟು ಸಲ ನೋಡಬೇಕು ಎಂಬುದನ್ನು ಮಾತ್ರ ತಿಳಿಸುತ್ತದೆ. ರೇಖೆ ಓದಲು ಕಲಿಯುವುದಕ್ಕೆ ನನಗೆ ಒಂದು ಇಡೀ ಬೇಸಿಗೆ ಹಿಡಿಯಿತು ಎಂಬುದನ್ನೂ ಹೇಳಬೇಕು.

ಉಪಗ್ರಹ ಮತ್ತು ರಡಾರ್ ನಡುವೆ ಆಯ್ಕೆ ಮಾಡಬೇಕಾದವರಿಗೆ ಇವೆರಡೂ ನೋಡುವುದು ಒಂದೇ ಮೋಡವನ್ನಾದರೂ ಅದರ ಬೇರೆ ಬೇರೆ ಅಂಗಗಳನ್ನು ಎಂಬುದು ಮೊದಲು ಮನಸ್ಸಿಗೆ ಬರಬೇಕು. ಇನ್ಸಾಟ್-3ಡಿಆರ್ ಮತ್ತು 2024ರ ಫೆಬ್ರುವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್ ಉಪಗ್ರಹಗಳ ಅವಕೆಂಪು (ಇನ್‌ಫ್ರಾರೆಡ್) ಚಿತ್ರಗಳಲ್ಲಿ ಕಾಣುವುದು ಮೋಡದ ನೆತ್ತಿಯ ಉಷ್ಣಾಂಶ. ನೆತ್ತಿ ಎಷ್ಟು ತಣ್ಣಗಿದೆಯೋ ಮೋಡ ಅಷ್ಟು ಎತ್ತರಕ್ಕೆ ಏರಿದೆ ಎಂದರ್ಥ. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಲಾತೂರ್, ಧಾರಾಶಿವ (ಹಿಂದಿನ ಉಸ್ಮಾನಾಬಾದ್) ಕಡೆ ಸಣ್ಣ ಬಿಳಿ ಚುಕ್ಕೆಯೊಂದು ಹುಟ್ಟಿ, ಮುಂದಿನ ಚಿತ್ರದಲ್ಲಿ ಹತ್ತು ಪಟ್ಟು ಹರಡಿರುವುದನ್ನು ಉಪಗ್ರಹದಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸುವುದಿಲ್ಲ. ಆದರೆ ಒಂದು ಉಪಗ್ರಹ ಇಡೀ ಭೂಮುಖವನ್ನು ಒಮ್ಮೆ ಚಿತ್ರಿಸಲು ಸುಮಾರು ಅರ್ಧ ಗಂಟೆ ತೆಗೆದುಕೊಳ್ಳುತ್ತದೆ, ಅವಕೆಂಪು ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 4 ಕಿಲೋಮೀಟರಿನಷ್ಟಾಗುತ್ತದೆ, ಮತ್ತು ಮೋಡ ಪಕ್ವವಾದ ಮೇಲೆ ಅದರ ನೆತ್ತಿಯಲ್ಲಿ ಹರಡುವ ಮಂಜುಹರಳಿನ ಚಪ್ಪರವು ಕೆಳಗೆ ನಡೆಯುವುದನ್ನೆಲ್ಲ ಮುಚ್ಚಿಬಿಡುತ್ತದೆ. ಚಪ್ಪರ ಬೀದರ್ ಮೇಲೆ ಬಂದಿದ್ದರೂ ಮಳೆ ಇನ್ನೂ ಪಡುವಣದ ನಿಲಂಗಾದಲ್ಲೇ ಸುರಿಯುತ್ತಿರುವುದು ಸಾಮಾನ್ಯ. ಮೊದಲ ವರ್ಷ ಆ ಚಪ್ಪರವನ್ನೇ ಮಳೆ ಎಂದುಕೊಂಡು ಅಣ್ಣನಿಂದ ನಾಲ್ಕು ಸಲ ಸುಮ್ಮನೆ ತಾಡಪತ್ರಿ ಹೊದಿಸಿದ್ದೆ. ಐದನೆಯ ಸಲ ಅವರು ನನ್ನ ಮಾತು ಕೇಳಲಿಲ್ಲ.

ರಡಾರ್ ವಿಚಾರಕ್ಕೆ ಹೆಚ್ಚು ಜಾಗ ಬೇಕು. ನಮಗೆ ಹೈದರಾಬಾದಿನ ಡಾಪ್ಲರ್ ರಡಾರ್ ಇದೆ. ಅದು 10 ಸೆಂಟಿಮೀಟರ್ ಅಲೆಯ ಎಸ್-ಬ್ಯಾಂಡ್ ರಡಾರ್ ಆದ್ದರಿಂದ, ನಡುವೆ ಒಂದು ದೊಡ್ಡ ಮಳೆ ಅಡ್ಡ ಬಂದರೂ ಅದರ ಹಿಂದಿನ ಮೋಡ ಕಾಣೆಯಾಗುವುದಿಲ್ಲ. ಹವಾಮಾನ ಇಲಾಖೆಯ ತಾಣದಲ್ಲಿ ಅದರ ಚಿತ್ರ ಸುಮಾರು ಹತ್ತು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಚಿತ್ರದ ಮೇಲಿನ ಸಮಯ ಯುಟಿಸಿಯಲ್ಲಿದ್ದರೆ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಬಣ್ಣಗಳು ತೋರಿಸುವುದು ಹಿಂದಿರುಗಿದ ಅಲೆಯ ಬಲವನ್ನು. ಅದರ ಮಾನ ಡಿಬಿಝೆಡ್. ಈ ಬಲವು ಹನಿಯ ವ್ಯಾಸದ ಆರನೆಯ ಘಾತವನ್ನು ಅನುಸರಿಸುತ್ತದೆ. 2 ಮಿಲಿಮೀಟರಿನ ಹನಿಗಿಂತ ಐದು ಪಟ್ಟು ದಪ್ಪವಾದ ಕಣ, ಲೆಕ್ಕದ ಮಟ್ಟಿಗೆ, ಹದಿನೈದು ಸಾವಿರಕ್ಕೂ ಹೆಚ್ಚು ಪಟ್ಟು ಬಲವಾಗಿ ಕಾಣುತ್ತದೆ. ಆದ್ದರಿಂದಲೇ 50, 55 ಡಿಬಿಝೆಡ್ ದಾಟಿದ ಕೆಂಪನ್ನು ಕಂಡ ಕೂಡಲೇ ಆಣಿಕಲ್ಲು ಎನ್ನುವ ಅಭ್ಯಾಸ ಆಸಕ್ತರಲ್ಲಿದೆ. ಆದರೆ ನೆಲದ ಹತ್ತಿರದ ಜೋರು ಮಳೆಯೂ ಅಂಥದೇ ಕೆಂಪನ್ನು ಕೊಡಬಲ್ಲದು, ಹಾಗಾಗಿ ಬಣ್ಣವೊಂದನ್ನೇ ನಂಬುವುದು ಸರಿಯಲ್ಲ.

ನೋಡಬೇಕಾದದ್ದು ಆ ಕೆಂಪು ಎಷ್ಟು ಎತ್ತರದಲ್ಲಿದೆ ಎಂಬುದನ್ನು. ಮ್ಯಾಕ್ಸ್-ಝೆಡ್ ಎಂಬ ಚಿತ್ರದಲ್ಲಿ ನಕ್ಷೆಯ ಮೇಲ್ಭಾಗಕ್ಕೂ ಬಲಬದಿಗೂ ಎರಡು ಕಿರಿದಾದ ಪಟ್ಟಿಗಳಿರುತ್ತವೆ. ಬಹಳ ಜನ ಅವನ್ನು ಅಲಂಕಾರವೆಂದು ಬಿಟ್ಟುಬಿಡುತ್ತಾರೆ. ನಾನೂ ಒಂದು ವರ್ಷ ಬಿಟ್ಟಿದ್ದೆ. ಅವು ಮೋಡವನ್ನು ಪಕ್ಕದಿಂದ ನೋಡಿದ ಚಿತ್ರಗಳು, ಎತ್ತರದ ಗೆರೆಗಳ ಸಮೇತ. 45 ಡಿಬಿಝೆಡ್‌ನ ಬಣ್ಣವು ಸೊನ್ನೆ ಡಿಗ್ರಿಯ ಎತ್ತರಕ್ಕಿಂತ 1.4 ಕಿಲೋಮೀಟರ್ ಮೇಲೆ ಮುಟ್ಟಿದ್ದರೆ ಆಣಿಕಲ್ಲಿನ ಸಂಭವವಿದೆ ಎಂಬುದು 1979ರಿಂದ ಬಳಕೆಯಲ್ಲಿರುವ ವಾಲ್ಡ್‌ಫೋಗೆಲ್ ಮಾನದಂಡ. ಬೆಳಗಿನ ಬಲೂನಿನಿಂದ ಸೊನ್ನೆಯ ಎತ್ತರ ಗೊತ್ತಿದ್ದರೆ, ಸಂಜೆ ಈ ಪಟ್ಟಿಯ ಮೇಲೆ ಕಾಗದದ ಅಂಚನ್ನಿಟ್ಟು ಅಳೆದರಾಯಿತು. ಸೊನ್ನೆ 4.3 ಕಿಲೋಮೀಟರಿನಲ್ಲಿದ್ದ ದಿನ, 45ರ ಬಣ್ಣ 5.7ನ್ನು ದಾಟಿತೇ ಎಂಬುದಷ್ಟೇ ಪ್ರಶ್ನೆ.

ಇಲ್ಲಿಯೂ ತೊಡಕುಗಳಿವೆ. ರಡಾರ್‌ನ ಅತಿ ಕೆಳಗಿನ ಕಿರಣದ ಓರೆಯನ್ನು ಅರ್ಧ ಡಿಗ್ರಿ ಎಂದಿಟ್ಟುಕೊಂಡರೆ, ಭೂಮಿ ದುಂಡಗಿರುವುದರಿಂದ ಅದು ದೂರ ಹೋದಂತೆ ನೆಲದಿಂದ ಮೇಲೇಳುತ್ತ ಹೋಗುತ್ತದೆ. ನನ್ನ ಲೆಕ್ಕದಂತೆ ಸುಮಾರು 110 ಕಿಲೋಮೀಟರ್ ದೂರದ ಬೀದರ್ ಮೇಲೆ ಅದು ರಡಾರ್‌ಗಿಂತ 1.7 ಕಿಲೋಮೀಟರ್ ಎತ್ತರದಲ್ಲಿರುತ್ತದೆ, 150 ಕಿಲೋಮೀಟರ್ ದೂರದ ಭಾಲ್ಕಿಯ ಮೇಲೆ ಎರಡೂವರೆಗಿಂತ ತುಸು ಹೆಚ್ಚು, ನಿಲಂಗಾದ ಮೇಲೆ 4, ಲಾತೂರಿನ ಮೇಲೆ 5. ನಮ್ಮ ಬಿರುಗಾಳಿಗಳು ಮಾರ್ಚ್ ತಿಂಗಳಲ್ಲಿ ಹೆಚ್ಚಾಗಿ ಪಡುವಣದಿಂದಲೇ ಬರುವುದರಿಂದ, ರಡಾರ್ ಮೊದಲು ನೋಡುವುದು ಮೋಡದ ಎದೆಯಿಂದ ಮೇಲಿನ ಭಾಗವನ್ನು ಮಾತ್ರ; ಹತ್ತಿರ ಬಂದಂತೆಲ್ಲ ಹೊಟ್ಟೆ, ಕಾಲು ಸೇರಿಕೊಳ್ಳುತ್ತವೆ. ಪರದೆಯ ಮೇಲೆ ಕೆಂಪು ಹರಡುತ್ತಿರುವುದನ್ನು ಕಂಡು ಮೋಡ ಬಲಿಯುತ್ತಿದೆ ಎಂದು ನಾನು ಹಲವು ಸಲ ತಪ್ಪು ತಿಳಿದದ್ದು ಈ ಕಾರಣಕ್ಕೆ. ಜೊತೆಗೆ, ಕಿರಣದ ಅಗಲ ಒಂದು ಡಿಗ್ರಿ ಎಂದುಕೊಂಡರೂ ಭಾಲ್ಕಿಯ ಬಳಿ ಅದರ ದಪ್ಪ 2.6 ಕಿಲೋಮೀಟರ್ ಆಗುತ್ತದೆ. 1.4 ಕಿಲೋಮೀಟರಿನ ಮಾನದಂಡವನ್ನು 2.6 ಕಿಲೋಮೀಟರ್ ದಪ್ಪದ ಕುಂಚದಿಂದ ಅಳೆಯುತ್ತಿದ್ದೇವೆ ಎಂಬ ಎಚ್ಚರ ಇರಲೇಬೇಕು. ಆದ್ದರಿಂದ 5.7ಕ್ಕೆ ಮುಟ್ಟಿದ ಮೋಡಕ್ಕೆ ನಾನು ಏನೂ ಹೇಳುವುದಿಲ್ಲ. 8 ದಾಟಿದ್ದಕ್ಕೆ ಮಾತ್ರ ಅಣ್ಣನಿಗೆ ಫೋನು ಮಾಡುತ್ತೇನೆ.

ಸಿಡಿಲಿನ ಆ್ಯಪ್‌ಗಳಲ್ಲಿ ಎರಡನ್ನು ಜೊತೆಯಲ್ಲೇ ಇಟ್ಟು ನೋಡಿದ್ದೇನೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ನಮ್ಮ ಸುತ್ತ 20 ಮತ್ತು 40 ಕಿಲೋಮೀಟರಿನ ವೃತ್ತ ಎಳೆದು, ಈಚಿನ ನಿಮಿಷಗಳ ಸಿಡಿಲುಗಳನ್ನು ಬೇರೆ ಬೇರೆ ಬಣ್ಣದ ಚುಕ್ಕೆಗಳಾಗಿ ಹಾಕುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್ ಅದನ್ನೇ ದೂರಕ್ಕೆ ತಕ್ಕ ಬಣ್ಣಗಳಲ್ಲಿ ಎಚ್ಚರಿಕೆಯಾಗಿ ಹೇಳುತ್ತದೆ. ಹೊಲದಲ್ಲಿರುವವರು ಮರದ ಕೆಳಗಿನಿಂದ ಎದ್ದು ಮನೆ ಸೇರಬೇಕೇ ಎಂಬ ಪ್ರಶ್ನೆಗೆ ಎರಡನೆಯದೇ ಉತ್ತಮ, ಏಕೆಂದರೆ ಅದು ಕನ್ನಡ ಬಲ್ಲ ಯಾರಿಗೂ ಅರ್ಥವಾಗುತ್ತದೆ ಮತ್ತು ಬಣ್ಣ ನೋಡಿದರೆ ಸಾಕು. ಆಣಿಕಲ್ಲಿನ ಪ್ರಶ್ನೆಗೆ ನನಗೆ ಮೊದಲನೆಯದು ಹೆಚ್ಚು ಬೇಕಾಯಿತು, ಆದರೆ ದೂರಕ್ಕಾಗಿ ಅಲ್ಲ, ಎಣಿಕೆಗಾಗಿ. ಮೋಡದೊಳಗೆ ಮೇಲ್ಮುಖದ ಗಾಳಿ ಹಠಾತ್ತನೆ ಬಲಗೊಂಡಾಗ ಮಂಜಿನ ಕಣಗಳ ತಿಕ್ಕಾಟ ಹೆಚ್ಚಿ ಮಿಂಚಿನ ಸಂಖ್ಯೆ ಒಮ್ಮೆಲೇ ಏರುತ್ತದೆ. ಆಣಿಕಲ್ಲು ನೆಲ ಮುಟ್ಟುವುದು ಅನಂತರ, ಹಲವು ನಿಮಿಷಗಳ ಅಂತರದಲ್ಲಿ. ಐದು ನಿಮಿಷಕ್ಕೊಮ್ಮೆ ಚುಕ್ಕೆಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳುವುದು ಬೇಸರದ ಕೆಲಸವೇ, ಆದರೆ ರಡಾರ್ ಚಿತ್ರ ತಡವಾದ ಸಂಜೆಗಳಲ್ಲಿ ನನ್ನ ಕೈಹಿಡಿದದ್ದು ಇದೊಂದೇ. ಸ್ವಯಂಸೇವಕರು ನಡೆಸುವ ಬ್ಲಿಟ್ಸೋರ್ಟುಂಗ್ ನಕ್ಷೆ ನೋಡಲು ಚೆಂದ. ನಮ್ಮ ಕಡೆ ಅದರ ಗ್ರಾಹಕಗಳು ವಿರಳವಾದ್ದರಿಂದ ಎಣಿಕೆಗೆ ನಾನು ಅದನ್ನು ಬಳಸುವುದಿಲ್ಲ.

ಹವಾಮಾನ ಇಲಾಖೆ ಮೂರು ಗಂಟೆಗೊಮ್ಮೆ ಜಿಲ್ಲಾವಾರು ಕೊಡುವ ತಕ್ಷಣದ ಮುನ್ಸೂಚನೆಯನ್ನು ಇವುಗಳ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ, ಅದು ಇಡೀ ಜಿಲ್ಲೆಗೆ ಹೇಳುವ ಮಾತು. ಅದನ್ನು ಮೊದಲು ಓದಿ, ಆಮೇಲೆ ಉಳಿದದ್ದನ್ನು ತೆರೆಯಬೇಕು. ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿರುವ ಆರು ಸಾವಿರಕ್ಕೂ ಹೆಚ್ಚಿನ ಸ್ವಯಂಚಾಲಿತ ಮಳೆಮಾಪಕಗಳು ಮಳೆಗೆ ಚಿನ್ನದಂತಹವು, ಆದರೆ ಮಳೆಮಾಪಕದ ಬಾಯಿಗೆ ಬಿದ್ದ ಆಣಿಕಲ್ಲು ಪುಟಿದು ಹೊರಬೀಳುತ್ತದೆ ಅಥವಾ ಕರಗಿದ ಮೇಲೆ ಮಳೆಯೆಂದೇ ಲೆಕ್ಕಕ್ಕೆ ಬರುತ್ತದೆ.

ಇವುಗಳಲ್ಲಿ ಯಾವುದು ನಿಜ ಹೇಳಿತು ಎಂದು ತೀರ್ಮಾನಿಸಲು ನೆಲದ ಮೇಲೆ ಒಂದು ಸಾಕ್ಷಿ ಬೇಕಿತ್ತು. ಒಂದು ಅಡಿ ಚೌಕದ ಥರ್ಮೋಕೋಲ್ ಹಲಗೆಗೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಬಿಗಿಯಾಗಿ ಸುತ್ತಿ, ಅಣ್ಣನ ಕಣದ ಗೂಟವೊಂದರ ಮೇಲೆ ಒಂದನ್ನೂ ಬೀದರ್‌ನ ನಮ್ಮ ಮಾಳಿಗೆಯ ಮೇಲೆ ಒಂದನ್ನೂ ಕಟ್ಟಿದೆ. ಆಣಿಕಲ್ಲು ಬಿದ್ದರೆ ಹಾಳೆಯ ಮೇಲೆ ಗುಳಿ ಉಳಿಯುತ್ತದೆ. ಹಲಗೆಯನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಕಡಲೆಕಾಳಿನಷ್ಟರ ಗುಳಿಯೂ ಗೋಲಿಯಷ್ಟರ ಗುಳಿಯೂ ಬೇರೆಬೇರೆಯಾಗಿ ಕಾಣುತ್ತವೆ, ಗುಳಿ ಒಂದು ಕಡೆಗೆ ಉದ್ದವಾಗಿದ್ದರೆ ಗಾಳಿ ಬೀಸಿದ ದಿಕ್ಕೂ ತಿಳಿಯುತ್ತದೆ.

ಮಾರ್ಚ್ ತಿಂಗಳ ಒಂದು ಸಂಜೆ ಎಲ್ಲವನ್ನೂ ಒಟ್ಟಿಗೆ ನೋಡುವ ಅವಕಾಶ ಸಿಕ್ಕಿತು. ಮಾದರಿಯು ಅಂದು ಮಳೆಯನ್ನೇ ತೋರಿಸಿರಲಿಲ್ಲ. ಉಪಗ್ರಹದ ಚಿತ್ರದಲ್ಲಿ ಮೂರೂಕಾಲಕ್ಕೆ ಮೋಡ ಹುಟ್ಟಿತ್ತು. ನಾಲ್ಕು ಗಂಟೆಗೆ ನಿಲಂಗಾದ ಮೇಲಿದ್ದ ಮೋಡದ 45ರ ಬಣ್ಣ ಪಕ್ಕದ ಪಟ್ಟಿಯಲ್ಲಿ 9 ಕಿಲೋಮೀಟರ್ ದಾಟಿತ್ತು. ಎರಡು ಚಿತ್ರಗಳ ನಡುವಿನ ಚಲನೆಯಿಂದ ವೇಗ ಗಂಟೆಗೆ 40 ಕಿಲೋಮೀಟರ್ ಎಂದು ಲೆಕ್ಕ ಹಾಕಿ, ಐದೂಕಾಲಕ್ಕೆ ಬರಬಹುದು ಎಂದು ಅಣ್ಣನಿಗೆ ಹೇಳಿದೆ. ನಾಲ್ಕು ಐವತ್ತಕ್ಕೆ ಮಿಂಚಿನ ಚುಕ್ಕೆಗಳು ಹಿಂದಿನ ಐದು ನಿಮಿಷದ ಮೂರು ಪಟ್ಟಾದವು. ಐದು ಹತ್ತಕ್ಕೆ ಕಣದಲ್ಲಿ ಆಣಿಕಲ್ಲು ಬಿತ್ತು, ಏಳು ನಿಮಿಷ. ಅಣ್ಣ ಒಂದು ಕಲ್ಲನ್ನು ಫ್ರಿಜ್ಜಿನಲ್ಲಿಟ್ಟಿದ್ದರು. ಮರುದಿನ ಬಿಸಿ ಮಾಡಿದ ಚಾಕುವಿನಿಂದ ಕೊಯ್ದು ನೋಡಿದರೆ ಬಿಳಿಯ ತಿರುಳಿನ ಸುತ್ತ ಗಾಜಿನಂತಹ ಪದರ, ಅದರ ಸುತ್ತ ಮತ್ತೆ ಬಿಳಿ ಪದರ, ಈರುಳ್ಳಿಯಂತೆ. ಬೀದರ್‌ನ ಹಲಗೆಯ ಮೇಲೆ ಧೂಳಿನ ಹನಿಗಳ ಗುರುತು ಬಿಟ್ಟರೆ ಏನೂ ಇರಲಿಲ್ಲ. ಎರಡೂ ಹಲಗೆಗಳ ನಡುವಿನ ದೂರ ನೇರವಾಗಿ 40 ಕಿಲೋಮೀಟರ್ ಕೂಡ ಇಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಪಕ್ಕದ ಪಟ್ಟಿ ಬಹುತೇಕ ಅದೇ ಎತ್ತರ ತೋರಿಸಿತು, ಮಿಂಚೂ ಏರಿತು, ರಾಶಿ ಮುಗಿದಿದ್ದರೂ ಅಣ್ಣ ಮಾವಿನಕಾಯಿಯ ಬುಟ್ಟಿಗಳನ್ನು ಒಳಗೆ ಸಾಗಿಸಿದರು, ಮತ್ತು ಹಲಗೆಯ ಹಾಳೆ ಕನ್ನಡಿಯಂತೆ ನುಣ್ಣಗೆ ಉಳಿಯಿತು. ಬಿದ್ದದ್ದು ದಪ್ಪ ಹನಿಯ ತಣ್ಣನೆಯ ಮಳೆ ಮಾತ್ರ. ಆ ಬೆಳಗಿನ ಬಲೂನಿನ ರೇಖೆಯನ್ನು ತೆಗೆದು ನೋಡಿದರೆ ಸೊನ್ನೆಯ ಎತ್ತರ ಮಾರ್ಚ್‌ಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು ಮೇಲಿತ್ತು, ಅದರ ಕೆಳಗಿನ ಗಾಳಿ ಬಹಳ ಬಿಸಿಯಾಗಿತ್ತು, ಸಣ್ಣ ಕಲ್ಲುಗಳು ದಾರಿಯಲ್ಲೇ ಕರಗಿರಬೇಕು. ಈಗ ಏಪ್ರಿಲ್ ನಡುವಿನ ನಂತರ ನಾನು 45ರ ಬದಲು 50ರ ಬಣ್ಣದ ಎತ್ತರವನ್ನು ಅಳೆಯುತ್ತೇನೆ. ಕಣದ ಹಲಗೆಗೆ ಹೊಸ ಹಾಳೆ ಸುತ್ತಿದ್ದಾಗಿದೆ.