ಜರ್ಮನಿಯ ಪಟ್ಟಿಯೋ, ಐರ್ಲೆಂಡಿನ ಆದ್ಯತೆಯ ಮತವೋ?

ಜರ್ಮನ್ ಪೌರತ್ವ ಪಡೆದು ಡಬ್ಲಿನ್‌ನಲ್ಲಿ ನೆಲೆಸಿರುವವರು ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಎರಡು ದೇಶಗಳ ಪೈಕಿ ಒಂದರಲ್ಲಿ ಮಾತ್ರ ಮತ ಹಾಕಬಹುದು.

ಮುಖ್ಯ ವ್ಯತ್ಯಾಸವಿರುವುದು ಮತದ ಸ್ವರೂಪದಲ್ಲಿ. ಜರ್ಮನಿಯ 96 ಸ್ಥಾನಗಳಿಗೆ ಪಕ್ಷದ ಸಿದ್ಧ ಪಟ್ಟಿಗೇ ಒಂದು ಮತ ನೀಡಬೇಕು. ಅಭ್ಯರ್ಥಿಗಳ ಕ್ರಮವನ್ನು ಮತದಾರರು ಬದಲಿಸುವಂತಿಲ್ಲ, ಆದರೆ 2024ರಲ್ಲಿ ಕನಿಷ್ಠ ಮತಪ್ರಮಾಣದ ಷರತ್ತು ಇಲ್ಲದ್ದರಿಂದ ಸಣ್ಣ ಪಕ್ಷಗಳಿಗೂ ಸ್ಥಾನ ದೊರೆಯಿತು. ಐರ್ಲೆಂಡಿನ 14 ಸ್ಥಾನಗಳಲ್ಲಿ ಡಬ್ಲಿನ್‌ಗೆ 4. ಅಲ್ಲಿ ಅಭ್ಯರ್ಥಿಗಳ ಮುಂದೆ 1, 2, 3 ಎಂದು ಆದ್ಯತೆ ಬರೆಯುವುದರಿಂದ, ಮೊದಲ ಆಯ್ಕೆಯವರು ಕಣದಿಂದ ಹೊರಬಿದ್ದರೂ ಮತ ಮುಂದಿನವರಿಗೆ ವರ್ಗವಾಗುತ್ತದೆ. ಮತದಾರರನ್ನು ಇಷ್ಟು ಗೌರವಿಸುವ ಪದ್ಧತಿ ನನಗೆ ಬಹಳ ಮೆಚ್ಚುಗೆ.

ಜರ್ಮನಿಗೆ ಅಂಚೆ ಮತಪತ್ರ ಮತದಾನದ ದಿನ ಸಂಜೆ 6ರೊಳಗೆ ತಲುಪಲೇಬೇಕು. ಡಬ್ಲಿನ್‌ನಲ್ಲಿ ಹೆಸರು ನೋಂದಾಯಿಸಿದ್ದರೆ ಮತಗಟ್ಟೆಗೆ ಹೋದರಾಯಿತು.

ಬೇಗ ಮರಳುವವರಿಗೆ, ಸಣ್ಣ ಪಕ್ಷದ ಬೆಂಬಲಿಗರಿಗೆ ಜರ್ಮನಿ ಸೂಕ್ತ. ವ್ಯಕ್ತಿಯನ್ನು ನೋಡಿ ಆರಿಸುವವರಿಗೆ, ಡಬ್ಲಿನ್‌ನಲ್ಲೇ ಮಕ್ಕಳನ್ನು ಬೆಳೆಸುವವರಿಗೆ ಐರ್ಲೆಂಡ್.