ಲಿಪೋ ಪ್ಯಾಕ್ ಚಾರ್ಜಿಗೆ ಹಾಕಿ ಬಿಟ್ಟು ಹೋಗಬೇಡಿ

ಎರಡು ವಾರದ ಹಿಂದೆ, ಭಾನುವಾರ ಬೆಳಿಗ್ಗೆ, ಮೈಸೂರಿನ ನಮ್ಮ ಮನೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಬೆಂಕಿ ಹತ್ತಿದ್ದು ನನ್ನ ಮಗಳು ಓದಲು ಕೂರುವ ಟೇಬಲ್ಲಿಗೆ. ಅವಳು ಅವತ್ತು ತಡವಾಗಿ ಎದ್ದಳು, ಅಷ್ಟೇ. ಆರ್‌ಸಿ (ರಿಮೋಟಿನಿಂದ ಓಡಿಸುವ) ವಿಮಾನ, ಡ್ರೋನ್, ಕಾರು ಅಂತ ಮನೆಯಲ್ಲಿ ಬ್ಯಾಟರಿ ಪ್ಯಾಕ್ ಇಟ್ಟುಕೊಂಡಿರುವ ಎಲ್ಲರೂ, ಮುಖ್ಯವಾಗಿ ಮಕ್ಕಳಿಗೆ ಹೊಸದಾಗಿ ಕೊಡಿಸಿದವರು, ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನು ಆರು ವರ್ಷದಿಂದ ಸಣ್ಣ ವಿಮಾನ ಹಾರಿಸುತ್ತಿದ್ದೇನೆ. ಪ್ಯಾಕ್ ಎಲ್ಲರೂ ಬಳಸುವಂಥದ್ದೇ: 3ಎಸ್, 2200 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಲಿಪೋ, ಅಂದರೆ ಲಿಥಿಯಂ ಪಾಲಿಮರ್ ಬ್ಯಾಟರಿ. ಚಾರ್ಜರ್ ಕೂಡ ಹಾಗೇ. ಲಿಪೋ, ನಿಕಲ್, ಕಾರಿನ ಲೆಡ್ ಬ್ಯಾಟರಿ ಎಲ್ಲಕ್ಕೂ ಆಗುವ, ನಾಲ್ಕು ಗುಂಡಿ ಮತ್ತು ಒಂದು ಪುಟ್ಟ ಸ್ಕ್ರೀನ್ ಇರುವ ಡಬ್ಬಿ. ಶನಿವಾರ ರಾತ್ರಿ ಅದರಲ್ಲೇ ರಿಮೋಟಿನ ಪ್ಯಾಕ್ ಚಾರ್ಜ್ ಮಾಡಿದ್ದೆ. ಅದು ಎಂಟು ಸೆಲ್ಲಿನ ನಿಕಲ್ ಪ್ಯಾಕ್, ಎನ್‌ಐಎಂಎಚ್ ಅಂತಾರಲ್ಲ, ಅದು. ಬೆಳಿಗ್ಗೆ ಎದ್ದು ವಿಮಾನದ ಲಿಪೋವನ್ನು ಹಳದಿ ಕನೆಕ್ಟರಿಗೆ ಸಿಕ್ಕಿಸಿದೆ. ಒಂದೊಂದು ಸೆಲ್ಲನ್ನೂ ಚಾರ್ಜರಿಗೆ ತೋರಿಸುವ ಬಿಳಿ ಬ್ಯಾಲೆನ್ಸ್ ವೈರ್ ಹಾಕಲಿಲ್ಲ. ಸ್ಟಾರ್ಟ್ ಗುಂಡಿ ಒತ್ತಿ ಹಿಡಿದೆ, ಬೀಪ್ ಅಂತು, ತರಕಾರಿ ತರಲು ಹೊರಟೆ. ಸ್ಕ್ರೀನಿನಲ್ಲಿ ಇನ್ನೂ ನಿಕಲ್ ಮೋಡ್ ಅಂತಲೇ ಇತ್ತು. ನಾನು ನೋಡಲಿಲ್ಲ.

ಈ ಒಂದು ತಪ್ಪು ಯಾಕೆ ಇಷ್ಟು ದೊಡ್ಡದು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಲಿಪೋದ ಒಂದು ಸೆಲ್ 4.2 ವೋಲ್ಟಿಗೆ ತುಂಬಿತು ಅಂತ ಲೆಕ್ಕ. 3ಎಸ್ ಅಂದರೆ ಮೂರು ಸೆಲ್, ಒಟ್ಟು 12.6. ಲಿಪೋ ಮೋಡಿನಲ್ಲಿದ್ದರೆ ಚಾರ್ಜರ್ ಅಲ್ಲಿಂದ ಮೇಲೆ ವೋಲ್ಟೇಜ್ ಏರಲು ಬಿಡುವುದಿಲ್ಲ. ಕರೆಂಟನ್ನು ನಿಧಾನವಾಗಿ ಇಳಿಸುತ್ತಾ ಬಂದು ನಿಲ್ಲಿಸುತ್ತದೆ. ನಿಕಲ್ ಮೋಡಿನ ದಾರಿಯೇ ಬೇರೆ. ಅಲ್ಲಿ ಚಾರ್ಜರ್ ಒಂದೇ ಸಮ ಕರೆಂಟ್ ಕೊಡುತ್ತಾ ಹೋಗುತ್ತದೆ. ನಿಕಲ್ ಸೆಲ್ ತುಂಬಿದಾಗ ವೋಲ್ಟೇಜ್ ಒಂಚೂರು, ಕೆಲವೇ ಮಿಲಿವೋಲ್ಟ್, ಕೆಳಗೆ ಬೀಳುತ್ತದೆ. ಆ ಇಳಿತಕ್ಕೆ ಚಾರ್ಜರ್ ಕಾಯುತ್ತಿರುತ್ತದೆ. ಲಿಪೋ ತುಂಬಿದಾಗ ಅಂಥ ಇಳಿತ ಬರುವುದೇ ಇಲ್ಲ. ಚಾರ್ಜರ್ ಕಾಯುತ್ತಲೇ ಇರುತ್ತದೆ, ತುಂಬುತ್ತಲೇ ಇರುತ್ತದೆ.

ನನ್ನ ಪ್ಯಾಕ್ ಮೊದಲೇ ಸುಮಾರು ಅರ್ಧ ತುಂಬಿತ್ತು. 2 ಆಂಪಿಯರ್ ಲೆಕ್ಕದಲ್ಲಿ ಮುಕ್ಕಾಲು ಗಂಟೆಯೊಳಗೆ ಅದು ಪೂರ್ತಿಯಾಗಿರಬೇಕು. ಆಮೇಲೂ ಅರ್ಧ ಗಂಟೆ ಅದಕ್ಕೆ ಕರೆಂಟ್ ಹೋಗುತ್ತಲೇ ಇತ್ತು.

ನಾನು ಮಾರ್ಕೆಟ್‌ನಿಂದ ಬಂದು ಹಾಲ್‌ನಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಅಮ್ಮ ಅಡುಗೆಮನೆಯಿಂದ ಬಂದು, "ಏನೋ ಇದು, ಯಾರು ನೇಲ್ ಪಾಲಿಶ್ ಹಚ್ಚಿಕೊಳ್ತಿರೋದು?" ಅಂದರು. ನನಗೂ ಒಂದು ಥರ ಸಿಹಿ ವಾಸನೆ ಬಂತು. ಸುಟ್ಟ ವಾಸನೆ ಅಲ್ಲವೇ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಸೆಲ್ಲಿನ ಹೊದಿಕೆ ಬಿರಿದು ಒಳಗಿನ ದ್ರಾವಣ ಆವಿಯಾಗುವಾಗ ಬರುವ ವಾಸನೆ ಅದು. ಆ ದ್ರಾವಣ ಬೇಗ ಹೊತ್ತಿಕೊಳ್ಳುತ್ತದೆ. ನಾನು ಎದ್ದು ಕೋಣೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಪ್ಯಾಕ್ ಪೂರಿಯ ಹಾಗೆ ಉಬ್ಬಿತ್ತು. ಕುಕ್ಕರ್ ಕೂಗುವ ಮೊದಲು ಬರುತ್ತದಲ್ಲ, ಅಂಥ ಬುಸ್ ಅನ್ನುವ ಸದ್ದು. ಮರುಕ್ಷಣ ಪಕ್ಕದಿಂದ ಬೆಂಕಿ ಚಿಮ್ಮಿತು. ಹೂಕುಂಡ ಪಟಾಕಿಯನ್ನು ಅಡ್ಡ ಮಲಗಿಸಿ ಹಚ್ಚಿದರೆ ಹೇಗೋ ಹಾಗೆ. ಒಂದು ಸೆಲ್ ಉರಿದು ತಗ್ಗಿತು ಅನ್ನುವಷ್ಟರಲ್ಲಿ ಎರಡನೆಯದು, ಅದರ ಹಿಂದೆ ಮೂರನೆಯದು. ಬೆಳ್ಳಗಿನ ದಟ್ಟ ಹೊಗೆ ಕೋಣೆ ತುಂಬಿತು. ಪುಸ್ತಕ ಹೊತ್ತಿಕೊಂಡವು, ಕಿಟಕಿಯ ಪರದೆ ಹೊತ್ತಿಕೊಂಡಿತು.

"ರೀ, ಮೇನ್ ಆಫ್ ಮಾಡಿದ್ದೀನಿ" ಅಂತ ಹೆಂಡತಿ ಕೂಗಿದಳು. ಆ ಹೊತ್ತಿನಲ್ಲಿ ತಲೆ ಓಡಿದ್ದು ಅವಳದ್ದೊಂದೇ. ಅಮ್ಮ ಮಗಳನ್ನು ಎತ್ತಿಕೊಂಡು ಬೀದಿಗೆ ಹೋದರು. ಲಿಥಿಯಂ ಅಂದರೆ ನೀರು ಹಾಕಲೇಬಾರದು ಅಂತ ಎಲ್ಲೋ ಕೇಳಿದ್ದೆ, ಒಂದು ಕ್ಷಣ ತಡೆದು ನಿಂತೆ. ಆ ಮಾತು ಲಿಥಿಯಂ ಲೋಹಕ್ಕೆ ಸರಿ. ನಮ್ಮ ಈ ಪ್ಯಾಕುಗಳಿಗೆ, ಕರೆಂಟ್ ತೆಗೆದ ಮೇಲೆ, ಜಾಸ್ತಿ ನೀರು ಒಳ್ಳೆಯದೇ. ಪಕ್ಕದ ಸೆಲ್ಲಿಗೆ ಕಾವು ಹರಡದ ಹಾಗೆ ತಣ್ಣಗೆ ಮಾಡುತ್ತದೆ. ಬಚ್ಚಲಿಂದ ನಾಲ್ಕು ಬಕೆಟ್ ತಂದು ಸುರಿದೆ, ಆರಿತು.

ಆದರೆ ನಾನು ಮಾಡಿದ ಹಾಗೆ ನೀವು ಒಳಗೆ ನುಗ್ಗಬೇಡಿ. ಮುಖಕ್ಕೆ ಒದ್ದೆ ಟವೆಲ್ ಕಟ್ಟಿಕೊಂಡಿದ್ದೆ, ಅದರಿಂದ ಏನೂ ಉಪಯೋಗವಿಲ್ಲ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಶ್ವಾಸಕೋಶ ಸುಡುವ ಅನಿಲ. ಮೂರು ದಿನ ನನ್ನ ಗಂಟಲು ಉರಿಯಿತು, ಡಾಕ್ಟರ್ ಹತ್ತಿರ ಹೋಗಬೇಕಾಯಿತು. ಹೊಗೆ ತುಂಬಿದ್ದರೆ ಬಾಗಿಲು ಎಳೆದುಕೊಂಡು ಎಲ್ಲರನ್ನೂ ಹೊರಗೆ ಕಳಿಸಿ 101ಕ್ಕೋ 112ಕ್ಕೋ ಫೋನ್ ಮಾಡಿ. ಟೇಬಲ್ ಹೋದರೆ ಹೋಗಲಿ.

ಚಾರ್ಜರ್ ಕೆಟ್ಟಿತ್ತಾ ಅಂತ ತುಂಬಾ ಜನ ಕೇಳಿದರು. ಇಲ್ಲ. ಅದು ನಾನು ಹೇಳಿದ್ದನ್ನೇ ಮಾಡಿತು. ತನಗೆ ಸಿಕ್ಕಿಸಿರುವುದು ಯಾವ ಬ್ಯಾಟರಿ ಅಂತ ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಅದಕ್ಕೇ ಆ ಬಿಳಿ ಬ್ಯಾಲೆನ್ಸ್ ವೈರ್ ಬಗ್ಗೆ ನಾನು ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ. ಮೂರು ಸೆಲ್ಲಿಗೆ ನಾಲ್ಕು ತಂತಿ. ಒಂದೊಂದು ಸೆಲ್ಲಿನ ವೋಲ್ಟೇಜನ್ನೂ ಬೇರೆ ಬೇರೆಯಾಗಿ ಚಾರ್ಜರಿಗೆ ತೋರಿಸುವುದು ಅದೊಂದೇ. ಲಿಪೋ ಬ್ಯಾಲೆನ್ಸ್ ಮೋಡಿನಲ್ಲಿ ಇಟ್ಟು ಆ ವೈರ್ ಹಾಕದಿದ್ದರೆ ನನ್ನ ಚಾರ್ಜರ್ ಶುರುವೇ ಆಗುವುದಿಲ್ಲ. ಬ್ಯಾಲೆನ್ಸ್ ವೈರ್ ಮೊದಲು ಹಾಕಿ ಸೆಲ್ ವೋಲ್ಟೇಜ್ ನೋಡುವ ಅಭ್ಯಾಸ ಇದ್ದಿದ್ದರೆ ನನ್ನ ಕಣ್ಣು ಸ್ಕ್ರೀನಿನ ಮೇಲೆ ಬಿದ್ದೇ ಬೀಳುತ್ತಿತ್ತು. ಐದು ನಿಮಿಷ ಉಳಿಸಲು ಅದನ್ನು ಬಿಡುತ್ತಾ ಬಂದಿದ್ದೆ.

ಇನ್ನೊಂದು ವಿಷಯವನ್ನು ಆರು ವರ್ಷ ಗಮನಿಸಿಯೇ ಇರಲಿಲ್ಲ. ಇಂಥ ಚಾರ್ಜರುಗಳ ಸೆಟ್ಟಿಂಗ್ಸ್‌ನಲ್ಲಿ, ಇಷ್ಟು ಎಂಎಎಚ್ ಒಳಗೆ ಹೋದ ಮೇಲೆ ನಿಲ್ಲಿಸು ಅನ್ನುವ ಮಿತಿ ಇರುತ್ತದೆ. ನನ್ನದರಲ್ಲಿ ಅದು 5000ಕ್ಕೆ ಇತ್ತು. 2200ರ ಪ್ಯಾಕಿಗೆ 5000 ಅಂದರೆ ಮಿತಿಯೇ ಇಲ್ಲದ ಹಾಗೆ. ಪ್ಯಾಕಿನಲ್ಲಿ ನೂರಕ್ಕೆ 80 ಭಾಗ ಖರ್ಚು ಮಾಡಿ ಇಳಿಸಿದರೆ ತಿರುಗಿ ತುಂಬಲು 1760 ಸಾಕು. ಈಗ 2000ಕ್ಕೆ ಇಟ್ಟಿದ್ದೇನೆ. ಇದೊಂದನ್ನೇ ನಂಬಿ ಕೂರಬೇಡಿ, ಆದರೂ ಇವತ್ತೇ ನಿಮ್ಮದರಲ್ಲಿ ಎಷ್ಟಿದೆ ಅಂತ ನೋಡಿ.

ಈಗ ಚಾರ್ಜ್ ಮಾಡುವುದು ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ದೊಡ್ಡ ಮಣ್ಣಿನ ಕುಂಡದೊಳಗೆ. ಸುತ್ತ ಮರ, ಬಟ್ಟೆ, ಕಾಗದ ಏನೂ ಇಲ್ಲ. ಪಕ್ಕದಲ್ಲಿ ಒಂದು ಬಕೆಟ್ ಮರಳು. ಒಂದು ಪ್ಯಾಕ್ ಆದ ಮೇಲೆ ಇನ್ನೊಂದು. ಹಾರಿಸಿ ಬಂದ ಬಿಸಿ ಪ್ಯಾಕನ್ನು ತಣ್ಣಗಾಗದೆ ಹಾಕುವುದಿಲ್ಲ. 2200ಕ್ಕೆ 2.2 ಆಂಪಿಯರ್‌ಗಿಂತ ಜಾಸ್ತಿ ಇಡುವುದಿಲ್ಲ. ಬಿದ್ದು ತಗ್ಗಾದ, ಉಬ್ಬಿದ, ಸೆಲ್ 3 ವೋಲ್ಟಿಗಿಂತ ಕೆಳಗಿಳಿದ ಪ್ಯಾಕ್ ಮತ್ತೆ ಚಾರ್ಜರಿಗೆ ಹೋಗುವುದಿಲ್ಲ. ವಾರಗಟ್ಟಲೆ ಎತ್ತಿಡುವಾಗ ಸೆಲ್ಲಿಗೆ 3.8 ವೋಲ್ಟ್ ಆಸುಪಾಸಿನಲ್ಲಿ ಇಡಿ, ಪೂರ್ತಿ ತುಂಬಿ ಬೀರುವಿನಲ್ಲಿ ಇಡಬೇಡಿ. ಮತ್ತೆ, ಚಾರ್ಜ್ ಆಗುವಷ್ಟು ಹೊತ್ತೂ ಯಾರಾದರೂ ದೊಡ್ಡವರು ಅಲ್ಲೇ ಇರಬೇಕು. ರಾತ್ರಿ ಹಾಕಿ ಮಲಗುವುದಂತೂ ಬೇಡವೇ ಬೇಡ.

ಆ ದಿನ ಅದೇ ಟೇಬಲ್ಲಿನ ಮೇಲೆ ಇನ್ನೊಂದು ಪ್ಯಾಕ್ ಇತ್ತು. ಪೊರಕೆ ಹಿಡಿಯಿಂದ ಆಚೆ ತಳ್ಳಿದ್ದೆ. ನೋಡಲು ಏನೂ ಆಗಿರಲಿಲ್ಲ, ಆದರೆ ಕಾವು ತಗುಲಿದ್ದನ್ನು ನಂಬಲು ಮನಸ್ಸಾಗಲಿಲ್ಲ. ಲಿಪೋವನ್ನು ಕಸದ ಗಾಡಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲಿ ಇಂಥ ಬ್ಯಾಟರಿಗಳೂ ಬರುತ್ತವೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು, ಅದೂ ಖಾಲಿ ಮಾಡಿ. ಕಾರಿನ 12 ವೋಲ್ಟಿನ, 21 ವಾಟಿನ ಬಲ್ಬೊಂದಕ್ಕೆ ಕನೆಕ್ಟರ್ ಬೆಸುಗೆ ಹಾಕಿ, ಪ್ಯಾಕನ್ನು ಹಿತ್ತಿಲಲ್ಲಿ ಮರಳಿನ ಮೇಲಿಟ್ಟು ಸಿಕ್ಕಿಸಿದೆ. ಒಂದು ಗಂಟೆಗೂ ಮೇಲೆ ಉರಿಯಿತು. ಆಮೇಲೆ ಕೆಂಪಗಾಯಿತು, ಮಂಕಾಯಿತು. ಅದು ಪೂರ್ತಿ ಆರುವವರೆಗೂ ಸ್ಟೂಲ್ ಹಾಕಿಕೊಂಡು ಅಲ್ಲೇ ಕೂತಿದ್ದೆ.