ಥರ್ಮೋಸ್ಟ್ಯಾಟ್ 37.5 ತೋರಿಸುತ್ತಿತ್ತು, ಒಳಗೆ ಮರಿಗಳು ಸಾಯುತ್ತಿದ್ದವು

ಮನೆಯಲ್ಲೇ ಇನ್‌ಕ್ಯುಬೇಟರ್ (ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ) ಮಾಡಿ ನಾಟಿ ಕೋಳಿ ಮರಿ ಮಾಡಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಎರಡು ಸಲ ಸೇರಿ ನಾನು 60 ಮೊಟ್ಟೆ ಹಾಳು ಮಾಡಿದ್ದೇನೆ.

ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಥರ್ಮಾಕೋಲ್ ಪೆಟ್ಟಿಗೆ, ಎರಡು 40 ವ್ಯಾಟ್ ಬಲ್ಬು, ಬಿಸಿ ನೋಡಿಕೊಂಡು ಬಲ್ಬನ್ನು ಆನ್, ಆಫ್ ಮಾಡುವ, ಆನ್‌ಲೈನಲ್ಲಿ ತರಿಸಿದ ಸಣ್ಣ ಥರ್ಮೋಸ್ಟ್ಯಾಟ್ ಬೋರ್ಡು, ಇಷ್ಟೇ ಸಾಮಾನು. ಫ್ಯಾನ್ ಇರಲಿಲ್ಲ. ಬಿಸಿ ಅಳೆಯುವ ಅದರ ಸೆನ್ಸರನ್ನು ಮೊಟ್ಟೆ ತಟ್ಟೆಯ ಕೆಳಗೆ ಟೇಪ್ ಹಾಕಿ ಅಂಟಿಸಿದೆ. ತಪ್ಪಿದ್ದು ಅಲ್ಲೇ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ ಅಲ್ವಾ? ತಳದಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಇದ್ದಾಗ ಮೊಟ್ಟೆಯ ಮೇಲ್ಭಾಗ 40 ಮುಟ್ಟುತ್ತಿತ್ತು. ನನಗೆ ಗೊತ್ತೇ ಆಗಲಿಲ್ಲ.

ಏಳನೇ ದಿನ ಟಾರ್ಚ್ ಹಿಡಿದು ನೋಡಿದಾಗ ಕೆಂಪು ನರಗಳು ಕಂಡವು. ಎಷ್ಟು ಖುಷಿಯಾಗಿತ್ತು! 21 ದಿನಕ್ಕೆ ಬರಬೇಕಾದ ಮರಿ 19ಕ್ಕೇ ಚಿಂವ್ ಅಂದಾಗ ಇನ್ನೂ ಖುಷಿ. ಹೊರಗೆ ಬಂದಿದ್ದು ಐದೇ. ಹೊಕ್ಕುಳು ಮುಚ್ಚಿರಲಿಲ್ಲ, ಕಾಲು ನಿಲ್ಲುತ್ತಿರಲಿಲ್ಲ. ಮೂರು ದಿನದಲ್ಲಿ ನಾಲ್ಕು ಸತ್ತವು. ಉಳಿದ ಮೊಟ್ಟೆಗಳನ್ನು ಒಡೆದು ನೋಡಿದೆ. ಅರ್ಧಕ್ಕಿಂತ ಜಾಸ್ತಿ ಮೊಟ್ಟೆಗಳಲ್ಲಿ ಪುಕ್ಕ ಬಂದ ಮರಿ ಹಾಗೇ ಸತ್ತು ಬಿದ್ದಿತ್ತು. ಅದನ್ನು ನೋಡೋಕಾಗಲ್ಲ.

ಕಾರಣ ಸಿಕ್ಕಿದ್ದು ಅಪ್ಪನಿಂದ. ರೇಷ್ಮೆ ಹುಳು ಮನೆಯ ಗೋಡೆಯಲ್ಲಿದ್ದ, ಬಿಸಿ, ತೇವ ಎರಡನ್ನೂ ನೋಡುವ ಒಣ ಬಲ್ಬು, ಒದ್ದೆ ಬಲ್ಬಿನ ಥರ್ಮಾಮೀಟರನ್ನು ತಂದು ಪೆಟ್ಟಿಗೆಯೊಳಗೆ ಮೊಟ್ಟೆಯ ಎತ್ತರಕ್ಕೆ ನಿಲ್ಲಿಸಿದರು. ಅರ್ಧ ಗಂಟೆಯಲ್ಲಿ ಸತ್ಯ ಗೊತ್ತಾಯಿತು. ರೇಷ್ಮೆ ಸಾಕುವ ಮನೆಯಲ್ಲಿ ಹುಟ್ಟಿ ನಾನು ಎರಡನೇ ಥರ್ಮಾಮೀಟರ್ ಇಡದೆ ಹೋದೆ.

ನಾನು ಹೆದರಿದ್ದು ಕರೆಂಟ್ ಹೋಗುತ್ತದೆ ಅಂತ. ಅಮ್ಮ ಹೇಳಿದ್ದು ಬೇರೆ: "ಹೇಂಟೆ ಕಾವಿಂದ ಎದ್ದು ಮೇವು ತಿಂದು ಬರುತ್ತೆ ಕಣೋ. ಮೊಟ್ಟೆ ಸ್ವಲ್ಪ ಹೊತ್ತು ಆರಿದ್ರೆ ಏನೂ ಆಗಲ್ಲ. ಬೆಂದ್ರೆ ಹೋಯ್ತು." ನಿಜ. ಒಂದು ಗಂಟೆ ಕರೆಂಟ್ ಹೋದರೆ ಮೊಟ್ಟೆ ತಡೆಯುತ್ತದೆ, ಸುಮ್ನೆ ಮುಚ್ಚಳ ತೆಗೆಯದೆ ಬಿಡಿ. ಬಿಸಿ ಜಾಸ್ತಿಯಾದರೆ ಮಾತ್ರ ಕೆಲವೇ ಗಂಟೆಯಲ್ಲಿ ಮರಿ ಸಾಯುತ್ತದೆ.

ಎರಡನೇ ಸಲ ಕಂಪ್ಯೂಟರ್ ಫ್ಯಾನ್ ಹಾಕಿದೆ, ಸೆನ್ಸರನ್ನು ಮೊಟ್ಟೆಯ ಮೇಲ್ಭಾಗದ ಮಟ್ಟಕ್ಕೆ ತಂದೆ. 12 ದಿನ ಚೆನ್ನಾಗಿ ನಡೆಯಿತು. ಆ ರಾತ್ರಿ ಬೋರ್ಡಿನ ರಿಲೇ, ಅಂದರೆ ಬಲ್ಬನ್ನು ಹಚ್ಚಿ ಆರಿಸುವ ಸ್ವಿಚ್ಚು, ಅಂಟಿಕೊಂಡಿತು. ಬೋರ್ಡು ಆಫ್ ಮಾಡಿದರೂ ಬಲ್ಬು ಉರಿಯುತ್ತಲೇ ಇತ್ತು. ಬೆಳಗ್ಗೆ ಒಳಗೆ 44 ಡಿಗ್ರಿ. 24 ಮೊಟ್ಟೆಯೂ ಹೋದವು. ಬಲ್ಬಿನ ಪಕ್ಕದ ಥರ್ಮಾಕೋಲ್ ಕೂಡ ಕರಗಿತ್ತು. ಬೆಂಕಿ ಹತ್ತಲಿಲ್ಲ ಅನ್ನುವುದೇ ಪುಣ್ಯ. ಬಲ್ಬಿನ ಸುತ್ತ ತಗಡು ಹಾಕದೆ ದಯವಿಟ್ಟು ಹಚ್ಚಬೇಡಿ.

ಈಗ ಬಲ್ಬಿನ ಲೈನಿನಲ್ಲಿ ಒಂದರ ಹಿಂದೆ ಒಂದು ಎರಡು ಥರ್ಮೋಸ್ಟ್ಯಾಟ್ ಇವೆ. ಮೊದಲನೆಯದು 37.5ಕ್ಕೆ, ಎರಡನೆಯದು 38.5ಕ್ಕೆ. ಮೊದಲನೆಯದು ಕೈಕೊಟ್ಟರೆ ಇನ್ನೊಂದು ಕರೆಂಟ್ ಕತ್ತರಿಸುತ್ತದೆ. ಬೋರ್ಡಿನಲ್ಲಿ ಆನ್, ಆಫ್ ನಡುವಿನ ಅಂತರ 2 ಡಿಗ್ರಿ ಇಟ್ಟು ಕಳಿಸಿರುತ್ತಾರೆ, ಅದನ್ನೂ 0.5ಕ್ಕೆ ಇಳಿಸಿದೆ. ಫ್ಯಾನ್ ಇಲ್ಲದ ಪೆಟ್ಟಿಗೆಯಾದರೆ ಮೊಟ್ಟೆಯ ಮೇಲ್ಭಾಗದಲ್ಲಿ 38.5 ಇರಬೇಕು, 37.5 ಅಲ್ಲ.

ಜ್ವರ ನೋಡುವ ಗಾಜಿನ ಥರ್ಮಾಮೀಟರನ್ನು ಒಳಗೆ ಇಟ್ಟು ನಂಬಬೇಡಿ. ಏರಿದ ಪಾದರಸ ಕೊಡವುವವರೆಗೆ ಇಳಿಯುವುದಿಲ್ಲ. ಮೊಟ್ಟೆ ತರುವ ಮುಂಚೆ ಖಾಲಿ ಪೆಟ್ಟಿಗೆಯನ್ನು ಎರಡು ದಿನ ಓಡಿಸಿ. ಮಧ್ಯಾಹ್ನ ಒಮ್ಮೆ, ಬೆಳಗಿನ ಜಾವದ ಚಳಿಯಲ್ಲಿ ಒಮ್ಮೆ ಒಳಗಿನ ಥರ್ಮಾಮೀಟರ್ ನೋಡಿ ಬರೆದಿಡಿ. ಅದು ಬೋರ್ಡಿನ ಅಂಕಿಗೆ ಹೊಂದುವವರೆಗೆ ಒಂದು ಮೊಟ್ಟೆಯನ್ನೂ ಒಳಗೆ ಇಡಬೇಡಿ.